ಮೊಯ್ಯೆಪಂಪಕ್ಕೆ ಹಿಟ್ಟಿನ ಮಾತ್ರೆ ಕಳಿಸಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ಇನ್ನೂ ಹುಟ್ಟದ ಒಂದು ಮಗುವಿಗೆ ಔಷಧಿ ಕೊಡುವುದಿಲ್ಲ ಎಂದು ನಿಮ್ಮ ಸಂಶೋಧನಾ ಸಂಸ್ಥೆ ಹೇಳಿದೆ. ಆ ಮಗು ನನ್ನ ಮಗಳದು. ನಮ್ಮ ಊರು ಮೊಯ್ಯೆಪಂಪದ ಜನ ಶಿಸ್ತಿಲ್ಲದವರು, ನಿಮ್ಮ ಅಧ್ಯಯನವನ್ನು ಹಾಳು ಮಾಡಿದವರು, ಆದ್ದರಿಂದ ಅಧ್ಯಯನದಿಂದ ಕೈಬಿಡಲಾದವರು ಎಂಬುದು ನೀವು ಕೊಟ್ಟ ಕಾರಣ. ಕೊಚಬಾಂಬಾ ನಗರದ ಪತ್ರಿಕೆಯಲ್ಲಿ ನಿಮ್ಮ ಸಂದರ್ಶನವನ್ನೂ ಓದಿದೆ. "ಅಲ್ಲಿನ ಜನರ ಸಹಕಾರ ಸಿಗಲಿಲ್ಲ" ಎಂಬ ಮಾತು ನಿಮ್ಮ ನಗುಮುಖದ ಫೋಟೊದ ಕೆಳಗೆ ಅಚ್ಚಾಗಿದೆ. ಹೊಟ್ಟೆಯೊಳಗಿರುವ ಮಗು ನಿಮಗೆ ಯಾವ ಅಸಹಕಾರ ಮಾಡಿತು, ಸ್ವಾಮಿ? ಅಲ್ಲಿಂದಲೇ ನಿಮಗೆ ಒದೆಯಿತೇ? ಲಕೋಟೆಯಲ್ಲಿಟ್ಟು ಕಳಿಸಿದ ಪತ್ರಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ಅದಕ್ಕೇ ಈ ಸಲ ನಿಮ್ಮ ಹೆಂಡತಿ ಮಕ್ಕಳೂ, ನಿಮ್ಮ ಅಕ್ಕಪಕ್ಕದ ಮನೆಯವರೂ ಓದಲಿ ಎಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನನ್ನನ್ನು ನೀವು ಮರೆತಿರುತ್ತೀರಿ. ನಾನು ಪ್ರಿಮಿತಿವಾ ಓರೆಯಾನಾ. ಮೆಕ್ಕೆಜೋಳದ ಹೆಂಡ ಚಿಚ್ಚಾ ಕಾಯಿಸಿ, ಬಾಗಿಲಿಗೆ ಬಿಳಿ ಬಾವುಟ ಕಟ್ಟಿ ಮಾರುವವಳು. ಊರಿನ ಮುಖಂಡತನ ನಮ್ಮಲ್ಲಿ ಮನೆಯಿಂದ ಮನೆಗೆ ಸರದಿಯ ಮೇಲೆ ಬರುತ್ತದೆ, ಈಗ ನನ್ನ ಸರದಿ. ನೀವು ಬೈದ ಊರಿನ ಪರವಾಗಿ ಬಾಯಿ ತೆರೆಯುವ ಹಕ್ಕು ನನಗಿದೆ. ಹಕ್ಕಿಲ್ಲದಿದ್ದರೂ ಬಾಯಂತೂ ಇದೆ, ಚಿಚ್ಚಾ ಅಂಗಡಿಯಲ್ಲಿ ಕೂತವಳಿಗೆ ಅದಿಲ್ಲದೆ ನಡೆಯುವುದಿಲ್ಲ.

ವಿಂಚೂಕಾ ಹುಳದ ಬಗ್ಗೆ ನಿಮಗೆ ಪಾಠ ಹೇಳಲು ನನಗೇನು ಹುಚ್ಚೇ? ನಿಮ್ಮ ಕಚೇರಿಯ ಗೋಡೆಯ ಮೇಲೆ ಅದರ ಚಿತ್ರ ಆಳೆತ್ತರಕ್ಕೆ ತೂಗುತ್ತದಂತೆ. ನಮ್ಮ ಗೋಡೆಗಳಲ್ಲಿ ಚಿತ್ರವಿಲ್ಲ, ಹುಳವೇ ಇದೆ. ಮಣ್ಣಿನ ಗೋಡೆಯ ಬಿರುಕಿನಲ್ಲಿ, ಹುಲ್ಲಿನ ಸೂರಿನಲ್ಲಿ, ಅಡುಗೆಮನೆಯ ಮೂಲೆಯಲ್ಲಿ ನಾವು ಸಾಕುವ ಗಿನಿ ಇಲಿಗಳ ಬೆಚ್ಚನೆಯ ಗೂಡಿನಲ್ಲಿ ಅದು ಸಂಸಾರ ಹೂಡಿರುತ್ತದೆ. ಮಲಗಿದವರ ಮುಖದ ಮೇಲೆ ಇಳಿದು ರಕ್ತ ಹೀರಿ, ಕುಡಿದ ಜಾಗದಲ್ಲೇ ಹೇತು ಹೋಗುತ್ತದೆ. ತುರಿಸಿಕೊಂಡರೆ ಆ ಹೇಲಿನೊಳಗಿನ ರೋಗ ಮೈಯೊಳಗೆ ಇಳಿಯುತ್ತದೆ. ಚಾಗಸ್ ಅಂತ ನೀವು ಅದಕ್ಕೆ ಹೆಸರಿಟ್ಟಿದ್ದೀರಿ. ಇಪ್ಪತ್ತು ವರ್ಷ ಅದು ಸದ್ದಿಲ್ಲದೆ ಕೂತಿದ್ದು, ಆಮೇಲೆ ಹೃದಯವನ್ನು ಊದಿಸಿ ಕೊಲ್ಲುತ್ತದೆ. ನನ್ನ ಗಂಡ ಸತುರ್ನಿನೊ ಪಕ್ಕದ ಮನೆಯವರ ಇಟ್ಟಿಗೆಗೆಂದು ಮಣ್ಣು ತುಳಿಯುತ್ತಿದ್ದ. ಯಾರೋ ಹೇಳಿದ ಪೋಲಿ ಮಾತಿಗೆ ಜೋರಾಗಿ ನಕ್ಕು ಕೆಸರಿನಲ್ಲೇ ಕೂತ, ಏಳಲಿಲ್ಲ. ಎಲ್ಲರೂ ನಗುವಿಗೇ ಕೂತಿದ್ದಾನೆಂದು ತಿಳಿದು ಇನ್ನಷ್ಟು ನಕ್ಕರು. ಆರೋಗ್ಯ ಕೇಂದ್ರದವರು "ಹೃದಯ ತುಂಬಾ ದೊಡ್ಡದಾಗಿತ್ತು ಅಮ್ಮ" ಅಂದರು. ಅವನ ತಂಗಿ, ನನ್ನ ನಾದಿನಿ ಲಿಯೊಕಾದಿಯಾ ಅಲ್ಲೇ ನಿಂತಿದ್ದಳು.

"ಅದು ನಮಗೂ ಗೊತ್ತಿತ್ತು ಕಣಪ್ಪಾ. ಇಷ್ಟು ಹೇಳಕ್ಕೆ ಅಷ್ಟೊಂದು ಓದ್ಬೇಕಿತ್ತಾ?" ಅಂದಳು. ಆಮೇಲೆ ಹೊದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಇಂಥ ಊರಿಗೆ ನಿಮ್ಮ ತಂಡ ಬಂತು. ಬೇಡ ಅಂದವರು ಯಾರೂ ಇಲ್ಲ, ಹಬ್ಬ ಬಂದಂತೆ ಕುಣಿದಾಡಿದೆವು. ರೋಗಕ್ಕೆ ಮಾತ್ರೆಯೊಂದು ಉಂಟು, ಎಳೆಯ ಮಕ್ಕಳಿಗೆ ಕೊಟ್ಟರೆ ರೋಗ ಬೇರುಸಹಿತ ಹೋಗುತ್ತದೆ, ಆದರೆ ದೊಡ್ಡವರ ಮೈಯಲ್ಲಿ ಅದು ಎಷ್ಟು ಕೆಲಸ ಮಾಡುತ್ತದೆಂದು ಖಚಿತವಿಲ್ಲ, ಅದನ್ನು ನೋಡಲು ಬಂದಿದ್ದೇವೆ ಎಂದು ನಿಮ್ಮ ಎಳೆ ಡಾಕ್ಟರು ಊರಿನವರನ್ನು ಕೂರಿಸಿಕೊಂಡು ವಿವರಿಸಿದರು. ರಕ್ತದಲ್ಲಿ ರೋಗ ಸಿಕ್ಕ ದೊಡ್ಡವರಲ್ಲಿ ಅರ್ಧ ಜನಕ್ಕೆ ಔಷಧಿ, ಇನ್ನರ್ಧ ಜನಕ್ಕೆ ನೋಡಲು ಹಾಗೆಯೇ ಇರುವ, ಒಳಗೆ ಬರೀ ಹಿಟ್ಟಿರುವ ಮಾತ್ರೆ.

"ಯಾರಿಗೆ ಯಾವ್ದು ಬರುತ್ತೆ?" ಎಂದು ಲಿಯೊಕಾದಿಯಾ ಕೇಳಿದಳು.

"ಅದು ನನಗೂ ಗೊತ್ತಿಲ್ಲ ಅತ್ತೆ. ನಿಮಗೂ ಗೊತ್ತಾಗಬಾರದು."

"ಹಿಟ್ಟು ತಿಂದೋರು ಏನ್ ಮಾಡ್ಬೇಕು ಮತ್ತೆ?"

"ಕಾಯ್ಬೇಕು. ಔಷಧಿ ಕೆಲಸ ಮಾಡುತ್ತೆ ಅಂತ ಗೊತ್ತಾದ್ರೆ ಆಮೇಲೆ ಅವರಿಗೂ ಕೊಡ್ತೀವಿ. ಆರೇಳು ವರ್ಷ ಆಗ್ಬಹುದು."

"ಅಷ್ಟ್ರಲ್ಲಿ ಸತ್ತೋದ್ರೆ?"

ಹುಡುಗ ಪ್ರಾಮಾಣಿಕ, ಸುಳ್ಳು ಹೇಳಲು ಬರಲಿಲ್ಲ. "ಅದೂ ಲೆಕ್ಕಕ್ಕೆ ಬರುತ್ತೆ ಅತ್ತೆ" ಅಂದ.

ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕಾದ ಮೇಲೆ "ಎಲ್ಲರಿಗೂ ಅರ್ಥವಾಯಿತೇ" ಎಂದು ಕೇಳಿದರು, "ಆಯ್ತು ಆಯ್ತು" ಎಂದು ಹೆಬ್ಬೆಟ್ಟು ಒತ್ತಿದೆವು. ಪಟ್ಟಣದಿಂದ ಯಾರೇ ಬಂದು ಅರ್ಥವಾಯಿತೇ ಎಂದು ಕೇಳಿದರೂ ಆಯಿತು ಅನ್ನುವುದು ನಮ್ಮಲ್ಲಿ ಮರ್ಯಾದೆ. ಬಿಸಿಲಲ್ಲಿ ಅಷ್ಟು ದೂರ ಬಂದವರಿಗೆ ನಿಮ್ಮ ಮಾತು ತಿಳಿಯಲಿಲ್ಲ ಎಂದು ಹೇಳಿ ಮುಖ ಸಪ್ಪೆ ಮಾಡುವುದು ಯಾಕೆ? ಇಷ್ಟು ವರ್ಷ ಹಳ್ಳಿಗಳ ರಕ್ತ ಎಳೆಯುತ್ತಿರುವ ನಿಮಗೆ ಈ "ಆಯ್ತು"ವಿನ ಬೆಲೆ ಇನ್ನೂ ತಿಳಿದಿಲ್ಲವೆಂದರೆ, ಶಿಸ್ತಿಲ್ಲದವರು ಯಾರು ಅಂತ ನಾನು ಕೇಳಬೇಕಾಗುತ್ತದೆ.

ವಿಜ್ಞಾನ ಬೇಡ ಅನ್ನುವ ಮೂಢಳಲ್ಲ ನಾನು. ಹೋಲಿಸಿ ನೋಡದೆ ಔಷಧಿಯ ಗುಣ ತಿಳಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಮೋಸ ಮಾಡಲೇಬೇಕು ಅಂದಾಗ ನೆಟ್ಟಗೆ ಮಾಡಬೇಡವೇ? ನಿಮ್ಮ ಔಷಧಿ ವಿಷದಂತೆ ಕಹಿ. ನಿಮ್ಮ ಹಿಟ್ಟಿನ ಮಾತ್ರೆ ಸಪ್ಪೆ. ಒಂದೇ ಹಳ್ಳದಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಇದು ತಿಳಿಯಲು ಎಷ್ಟು ಹೊತ್ತು ಬೇಕು? ಕಳ್ಳನೋಟು ಅಚ್ಚು ಹಾಕುವವನೂ ಬಣ್ಣ ಹೊಂದಿಸಿಯೇ ಸಂತೆಗೆ ಬರುತ್ತಾನೆ. ಇಷ್ಟೆಲ್ಲ ಪದವಿಗಳನ್ನು ಹೆಸರಿನ ಹಿಂದೆ ಕಟ್ಟಿಕೊಂಡ ನಿಮಗೆ ಹಿಟ್ಟಿಗೆ ಒಂದು ಚಿಟಿಕೆ ಕಹಿ ಬೆರೆಸಬೇಕೆಂದು ಹೊಳೆಯಲಿಲ್ಲ. ನಿಮ್ಮ ಗುಟ್ಟು ರಟ್ಟಾದದ್ದು ಅಲ್ಲಿಯೇ, ನಮ್ಮ ಅಶಿಸ್ತಿನಿಂದಲ್ಲ.

ನನ್ನ ಮಗಳು ದೆಲ್ಮಿರಾಳಿಗೆ ಔಷಧಿಯೇ ಬಂದಿತ್ತು. ಮದುವೆಯಾಗಿ ಇದೇ ಊರಲ್ಲಿ ಎರಡು ಮನೆ ಆಚೆಗಿದ್ದಾಳೆ. ಮೊದಲ ವಾರ ಮುಗಿಯುವುದರೊಳಗೆ ಅವಳ ತೋಳು, ಹೊಟ್ಟೆ ಎಲ್ಲ ಕೆಂಪಗೆ ಗಂಧೆ ಎದ್ದವು. ಔಷಧಿ ಹಿಡಿದರೆ ಹಾಗಾಗುವುದುಂಟೆಂದು ಡಾಕ್ಟರು ಮೊದಲೇ ಹೇಳಿದ್ದರು. ಹುಡುಗಿ ತೋಳು ಮೇಲೆತ್ತಿ, ಬಳೆ ತೋರಿಸಿದ ಹಾಗೆ, ಗಂಧೆ ತೋರಿಸಿಕೊಂಡು ಊರೆಲ್ಲ ಓಡಾಡಿದಳು. ನನ್ನ ಚಿಚ್ಚಾ ಅಂಗಡಿಯಲ್ಲಿ ಹೆಂಗಸರು ಸೇರಿದಾಗ ಲಿಯೊಕಾದಿಯಾ ತನ್ನ ಮಾತ್ರೆಯನ್ನು ಕಚ್ಚಿ ನೋಡಿದಳು.

"ಥೂ, ನಂದು ಸಪ್ಪೆ ಕಣೇ ಪ್ರಿಮಿ. ಉಪ್ಪಾದ್ರೂ ಹಾಕ್ಬಾರ್ದಿತ್ತಾ ಮುಂಡೇವು."

"ನಂದೂ ಸಪ್ಪೆ" ಅಂದೆ ನಾನು.

ದೆಲ್ಮಿರಾಳ ಮುಖದ ನಗು ಇಳಿದುಹೋಯಿತು. "ಅಮ್ಮ ಹಿಟ್ಟು ತಿನ್ನೋದ್ನ ನೋಡ್ಕೊಂಡು ನಾನು ಔಷಧಿ ನುಂಗ್ಲಾ?" ಎಂದಳು.

ಅಷ್ಟೇ ನಡೆದದ್ದು. ನಿಮ್ಮ ಸಂದರ್ಶನದಲ್ಲಿ "ಸಂಘಟಿತವಾಗಿ ಅಡ್ಡಿಪಡಿಸಿದರು" ಎಂದಿದ್ದೀರಲ್ಲ, ಆ ಸಂಘಟನೆಯ ಮೂಲ ಇದು.

ಊರ ಸಭೆ ಕರೆದೆ. ನಮ್ಮಲ್ಲಿ ಸಭೆಯೆಂದರೆ ಆಪ್ತಾಪಿ ಇದ್ದೇ ಇರುತ್ತದೆ. ಉದ್ದನೆಯ ಬಟ್ಟೆಯನ್ನು ನೆಲಕ್ಕೆ ಹಾಸಿ, ಪ್ರತಿಯೊಬ್ಬರೂ ಮನೆಯಿಂದ ತಂದದ್ದನ್ನು ಅದರ ಮೇಲೆ ಸುರಿಯುತ್ತಾರೆ. ಬೇಯಿಸಿದ ಆಲೂಗಡ್ಡೆ, ಜೋಳ, ಗಿಣ್ಣು, ಒಣಮಾಂಸ, ಎಲ್ಲ ಒಂದೇ ರಾಶಿ. ಆಮೇಲೆ ಎಲ್ಲರೂ ಅದರಿಂದಲೇ ತಿನ್ನುತ್ತಾರೆ. ಬಟ್ಟೆಯ ಮೇಲೆ ಬಿದ್ದ ಮೇಲೆ ಇದು ಯಾರದು, ಅವರು ಎಷ್ಟು ತಂದರು ಅಂತ ಕೇಳುವುದು ನಮ್ಮಲ್ಲಿ ನಾಚಿಕೆಗೇಡು. ಅಂದು ಊಟ ಮುಗಿದು ಬಟ್ಟೆ ಕೊಡವಿ ಮತ್ತೆ ಹಾಸಿದೆವು. ಮೊದಲು ಮಾತ್ರೆ ಸುರಿದವಳು ದೆಲ್ಮಿರಾ. ಅವಳ ಹಿಂದೆ ಒಬ್ಬೊಬ್ಬರಾಗಿ ಊರೇ ಬಂದು ಸುರಿಯಿತು. ಆಗ ನನಗೆ ಮಗಳ ಮೇಲೆ ಎಷ್ಟೊಂದು ಹೆಮ್ಮೆಯಾಯಿತು. ಅವಳ ಕೈಯನ್ನು ಅಲ್ಲೇ ಹಿಡಿದು ನಿಲ್ಲಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಊರ ಹಿರಿಯ ಇಲಾರಿಯೊನ್ ಒಬ್ಬನೇ ತಕರಾರು ತೆಗೆದ. "ಕಹಿ ಇರೋದ್ನ ಮಾತ್ರ ಇಟ್ಕೊಂಡು ಹಿಟ್ಟನ್ನ ಕೋಳಿಗೆ ಹಾಕ್ರಪ್ಪಾ. ಎರಡನ್ನೂ ಯಾಕೆ ಬೆರೆಸ್ತೀರಿ?"

ಲಿಯೊಕಾದಿಯಾ ಅವನ ಮೇಲೆ ಹರಿಹಾಯ್ದಳು. "ಹಿಟ್ಟು ತಂದೋರೆಲ್ಲ ಬರಿಗೈಲಿ ಬಂದೋರು ಅಂತ ಆಗಲ್ವೇನೋ ಮುದಿಯಾ? ಬಟ್ಟೆ ಮೇಲೆ ಆರಿಸ್ಕೊಂಡು ತಿನ್ನೋ ಜಾತಿನಾ ನಾವು?"

ಎಲ್ಲರೂ ತಲೆಯಾಡಿಸಿದರು. ಯಾರಿಗೂ ಅವಮಾನವಾಗಬಾರದೆಂದು ಔಷಧಿಯನ್ನೂ ಹಿಟ್ಟನ್ನೂ ಚೆನ್ನಾಗಿ ಕಲೆಸಿ, ಕಣ್ಣುಮುಚ್ಚಿ ಬೊಗಸೆ ಬೊಗಸೆ ಎತ್ತಿಕೊಂಡೆವು. ಅಲ್ಲಿಂದ ಮುಂದೆ ಊರಲ್ಲಿ ಎಲ್ಲರೂ ಇವತ್ತು ಕಹಿ, ನಾಳೆ ಸಪ್ಪೆ, ನಾಡಿದ್ದು ಏನೋ ಅಂತ ನುಂಗಿದೆವು. ಕಹಿ ಸಿಕ್ಕಿದವರು ಮುಖ ಹಿಂಡಿಕೊಂಡು ಸಂತೋಷಪಡುತ್ತಿದ್ದರು. ಒಂದು ಆಲೂಗಡ್ಡೆಯನ್ನು ಇಬ್ಬರು ತಿಂದರೆ ಇಬ್ಬರದೂ ಅರ್ಧ ಹೊಟ್ಟೆ ತುಂಬುತ್ತದೆ. ಒಬ್ಬರ ಔಷಧಿಯನ್ನು ಇಬ್ಬರು ನುಂಗಿದರೆ ಇಬ್ಬರಿಗೂ ಅರ್ಧ ರೋಗ ಹೋಗುತ್ತದೆ ಎಂದು ನಾವು ನಂಬಿದೆವು. ಹಾಗಲ್ಲ, ಇಬ್ಬರಿಗೂ ಪೂರ್ತಿ ಉಳಿಯಬಹುದು ಎಂದು ಹೇಳುವವರು ಬೇಕಿತ್ತು. ಮಾತ್ರೆ ಯಾವ ಹೊತ್ತಿಗೆ ನುಂಗಬೇಕು, ಎಷ್ಟು ನೀರು ಕುಡಿಯಬೇಕು, ನಿಮ್ಮ ಸಂಸ್ಥೆಗೆ ಎಷ್ಟು ಕೃತಜ್ಞರಾಗಿರಬೇಕು, ಎಲ್ಲ ಹೇಳಿದಿರಿ. ಹಂಚಬೇಡಿ, ಹಂಚಿದರೆ ಯಾರೂ ವಾಸಿಯಾಗುವುದಿಲ್ಲ ಎಂಬ ಒಂದೇ ಮಾತು ನಿಮ್ಮ ಬಾಯಿಂದ ಬರಲಿಲ್ಲ. ತಮ್ಮ ಪಾಲಿಗೆ ಬಂದದ್ದನ್ನು ಜನ ಬೇರೆಯವರಿಗೆ ಕೊಟ್ಟಾರು ಎಂಬ ಯೋಚನೆ ನಿಮ್ಮ ತಲೆಗೆ ಎಂದೂ ಬಂದಿರಲಾರದು, ನೀವು ಬೆಳೆದ ಮನೆಗಳಲ್ಲಿ ಅಂಥದ್ದನ್ನು ನೋಡಿರಲಾರಿರಿ.

ಗುಟ್ಟು ಬಯಲಾದದ್ದು ಲಿಯೊಕಾದಿಯಾಳ ಬಾಯಿಂದಲೇ. ಡಾಕ್ಟರು ಮತ್ತೆ ಬಂದಾಗ ಓಡಿಹೋಗಿ, "ಈಗ ಎಲ್ಲರ್ಗೂ ಸಿಗೋ ಹಂಗೆ ಮಾಡ್ಕೊಂಡ್ಬಿಟ್ವಿ ಡಾಕ್ಟ್ರೇ, ಆರೇಳು ವರ್ಷ ಕಾಯೋ ಗೋಜೇ ಇಲ್ಲ" ಎಂದು ಬೀಗುತ್ತ ಹೇಳಿದಳು. ಆ ಹುಡುಗ ಜಗಲಿಯ ಮೇಲೆ ಕುಸಿದು ಕೂತ. ತಲೆಯ ಮೇಲೆ ಕೈಹೊತ್ತುಕೊಂಡವನಿಗೆ ಇವಳೇ ನೀರು ಕೊಟ್ಟಳು. ಅವನಿಂದಲೇ ನಮಗೆ ತಿಳಿದದ್ದು, ನಾವು ಏನು ಮಾಡಿಕೊಂಡೆವು ಅಂತ.

ಆಮೇಲೆ ತಾವೇ ದಯಮಾಡಿಸಿದಿರಿ. ನಮ್ಮೂರಿಗೆ ನೀವು ಬಂದದ್ದು ಅದೊಂದೇ ಸಲ. ಯಾರ ಮನೆಯೊಳಗೂ ಕಾಲಿಡಲಿಲ್ಲ, ಸೂರಿನ ಮೇಲೇ ನಿಮ್ಮ ಕಣ್ಣು. ಮರದಡಿ ಕುರ್ಚಿ ಹಾಕಿಸಿದೆವು. ಸೋರೆ ಬುರುಡೆಯಲ್ಲಿ ಚಿಚ್ಚಾ ಕೊಟ್ಟೆ. ಕುಡಿಯುವ ಮೊದಲು ಭೂಮಿತಾಯಿಗೆ ಎರಡು ಹನಿ ಚೆಲ್ಲುವುದು ನಮ್ಮ ಪದ್ಧತಿ, ನೀವು ಬುರುಡೆಯಷ್ಟನ್ನೂ ಚೆಲ್ಲಿದಿರಿ. ಅಬ್ಬಾ, ಎಂಥ ಭಕ್ತಿ ಎಂದುಕೊಂಡೆವು. ಆಮೇಲೆ ಬೈಗುಳ ಶುರುವಾಯಿತು.

"ಏನು ಮಾಡಿದ್ದೀರಿ ಅಂತ ಗೊತ್ತೇನ್ರೀ ನಿಮಗೆ? ಎಷ್ಟು ವರ್ಷದ ಕೆಲಸ ಮಣ್ಣುಪಾಲಾಯ್ತು! ಇದೆಲ್ಲ ಯಾರಿಗೋಸ್ಕರ? ಮುಂದಿನ ಪೀಳಿಗೆಗೋಸ್ಕರ!"

"ನಮ್ಗೆ ಗೊತ್ತಿರ್ಲಿಲ್ಲ ಸ್ವಾಮಿ. ಈಗ ಸರಿಯಾಗಿ ಕೊಟ್ಬಿಡಿ, ಯಾರ್ಗೂ ಹಂಚದೆ ನುಂಗ್ತೀವಿ" ಎಂದೆ ನಾನು.

"ಈ ಊರಿಗೆ ಇನ್ನು ಒಂದು ಮಾತ್ರೆಯೂ ಇಲ್ಲ."

"ಶಿಕ್ಷೆನಾ?"

"ಶಿಕ್ಷೆ ಅಲ್ಲ, ನಿಯಮ" ಎಂದಿರಿ. ಉಳಿದ ಮಾತ್ರೆಗಳನ್ನು ಚೀಲಕ್ಕೆ ತುಂಬಿಸಿದಿರಿ. ಹೋಗುವ ಮೊದಲು ಎಲ್ಲರಿಂದ ಒಂದೊಂದು ಸಲ ರಕ್ತ ಮಾತ್ರ ಮರೆಯದೆ ತೆಗೆಸಿಕೊಂಡಿರಿ. ವಿಂಚೂಕಾಕ್ಕೂ ನಿಮಗೂ ಇದೊಂದು ಹೋಲಿಕೆ. ಅದು ಹೋಗುವಾಗ ಬೈಯುವುದಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಲಿಯೊಕಾದಿಯಾ ಹೋದ ಸುಗ್ಗಿಯಲ್ಲಿ ಸತ್ತಳು. ಜೋಳದ ತೆನೆ ಸುಲಿಯುತ್ತ, ಇಲಾರಿಯೊನ್‌ನನ್ನು ಎಂದಿನಂತೆ ಬೈಯುತ್ತ ಕೂತಿದ್ದವಳು ಬೈಗುಳದ ನಡುವೆಯೇ ನಿಂತುಹೋದಳು. "ಅವತ್ತು ಸಪ್ಪೆ ಅನ್ನದೆ ನಾನು ಬಾಯ್ಮುಚ್ಕೊಂಡಿದ್ರೆ ದೆಲ್ಮಿರಾಗಾದ್ರೂ ವಾಸಿಯಾಗ್ತಿತ್ತು" ಎಂದು ಸಾಯುವ ಮೊದಲಿನ ತಿಂಗಳುಗಳಲ್ಲಿ ದಿನಾ ಕೊರಗುತ್ತಿದ್ದಳು. ಹೃದಯ ಊದಿದ್ದಕ್ಕೆ ಹುಳ ಕಾರಣ. ಆ ಕೊರಗಿಗೆ ಯಾರು ಕಾರಣ? ನಿಮ್ಮ ಚೀಲದ ಮಾತ್ರೆ ಸಿಕ್ಕಿದ್ದರೆ ಅವಳು ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ, ಅವಳ ರೋಗ ಹಳೆಯದಾಗಿತ್ತು. ಆದರೆ ತಪ್ಪು ತನ್ನದೇ ಅಂದುಕೊಂಡು ಅವಳು ಸಾಯಬೇಕಿರಲಿಲ್ಲ. ನಿಮ್ಮ ಅಧ್ಯಯನದಲ್ಲಿ ಅವಳ ಸಾವು ಲೆಕ್ಕಕ್ಕಾದರೂ ಬರುತ್ತಿತ್ತು. ಈಗ ಅದೂ ಇಲ್ಲ, ನಮ್ಮ ಊರನ್ನು ಅಳಿಸಿಹಾಕಿದ್ದೀರಲ್ಲ.

ಈಗ ದೆಲ್ಮಿರಾ ಬಸುರಿ. ಅವಳ ರಕ್ತದಲ್ಲಿ ರೋಗ ಹಾಗೆಯೇ ಇದೆ. ಅದನ್ನು ನಮಗೆ ಯಾರು ತಿಳಿಸಿದರು ಎಂದು ಕೇಳಬೇಡಿ, ನಿಮ್ಮ ಸಂಸ್ಥೆಯಲ್ಲೂ ಒಬ್ಬಿಬ್ಬರು ಮನುಷ್ಯರಿದ್ದಾರೆ. ತಾಯಿಯ ರಕ್ತದಿಂದ ಮಗುವಿಗೆ ಇದು ಬರಬಹುದು. ಬಸುರಿಯಾಗಿರುವಾಗ ಅವಳಿಗೆ ಔಷಧಿ ಕೊಡುವಂತಿಲ್ಲ. ಆದರೆ ಮಗು ಹುಟ್ಟಿದ ಕೂಡಲೇ ಪರೀಕ್ಷೆ ಮಾಡಿ, ರೋಗವಿದ್ದರೆ ಅದೇ ಮಾತ್ರೆಯನ್ನು ಅರೆದು ಕುಡಿಸಿದರೆ ಮಗು ಬಹುಪಾಲು ವಾಸಿಯಾಗುತ್ತದೆ. ಇದರಲ್ಲಿ ಅಧ್ಯಯನ ಮಾಡಲು ಏನೂ ಉಳಿದಿಲ್ಲ, ನಿಮ್ಮ ಡಾಕ್ಟರೇ ಹೇಳಿದ ಮಾತು. ನಮ್ಮ ಆರೋಗ್ಯ ಕೇಂದ್ರದಲ್ಲಿ ಆ ಮಾತ್ರೆ ಇಲ್ಲ. ಇಡೀ ಪ್ರಾಂತ್ಯಕ್ಕೆ ಇರುವ ದಾಸ್ತಾನು ನಿಮ್ಮ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಹೊಟ್ಟೆ ಹೊತ್ತುಕೊಂಡು ಬಸ್ಸಿನಲ್ಲಿ ನಿಂತೇ ನಿಮ್ಮ ಕಚೇರಿಗೆ ಬಂದ ಅವಳಿಗೆ ಕಿಟಕಿಯ ಹಿಂದಿನ ಯುವತಿ ಹೇಳಿದ್ದು ಇಷ್ಟು.

"ಅಧ್ಯಯನದಲ್ಲಿ ಇರೋರಿಗೆ ಮಾತ್ರ ಔಷಧಿ ಕಣಮ್ಮ."

"ನಾನು ಇದ್ನಲ್ಲ ಮೇಡಂ."

"ನಿಮ್ಮೂರನ್ನ ತೆಗೆದುಹಾಕಿದ್ದಾರೆ."

"ನನ್ನನ್ನ ತೆಗೆದ್ರಿ. ಇದನ್ನ ಯಾವಾಗ ತೆಗೆದ್ರಿ?" ಎಂದು ಹೊಟ್ಟೆ ತೋರಿಸಿದಳಂತೆ.

"ದೊಡ್ಡವರ ಅಧ್ಯಯನ ಇದು. ಮಕ್ಕಳು ಬರಲ್ಲ. ನಿರ್ದೇಶಕರ ಅಪ್ಪಣೆ ಇಲ್ಲದೆ ಬೀರು ತೆಗೆಯೋ ಹಾಗಿಲ್ಲ."

ನಿರ್ದೇಶಕರು ಎಲ್ಲಿ ಎಂದು ಕೇಳಿದರೆ, ಸಮ್ಮೇಳನಕ್ಕೆ ಹೋಗಿದ್ದಾರೆ ಅಂತ ಉತ್ತರ ಬಂತು. ಬಡವರ ರೋಗಗಳ ಕುರಿತ ಸಮ್ಮೇಳನವಂತೆ, ಸಮುದ್ರತೀರದ ಹೋಟೆಲಿನಲ್ಲಂತೆ. ಊಟ ಚೆನ್ನಾಗಿತ್ತೆಂದು ಭಾವಿಸುತ್ತೇನೆ.

ನಮ್ಮ ಬೇಡಿಕೆ ಒಂದೇ. ದೆಲ್ಮಿರಾಳ ಹೆರಿಗೆಗೆ ಮೊದಲು ನಮ್ಮ ಆರೋಗ್ಯ ಕೇಂದ್ರಕ್ಕೆ ಶಿಶುವಿನ ರಕ್ತಪರೀಕ್ಷೆಯ ಸಾಮಾನನ್ನೂ, ಒಂದು ಮಗುವಿಗೆ ಸಾಕಾಗುವಷ್ಟು ಮಾತ್ರೆಯನ್ನೂ ಕಳಿಸಿ. ನಿಮ್ಮ ಅಪ್ಪಣೆಯ ಒಂದು ರುಜು ಸಾಕು. ನನಗೆ ಬೇಡ, ಊರಿಗೂ ಸದ್ಯಕ್ಕೆ ಬೇಡ, ನಮ್ಮ ಜಗಳ ಆಮೇಲೆ ಮುಂದುವರಿಸೋಣ. ಮುಂದಿನ ಪೀಳಿಗೆಗೋಸ್ಕರ ಎಂದು ಮರದಡಿ ಕೂತು ಕೂಗಾಡಿದ್ದಿರಲ್ಲ, ಆ ಪೀಳಿಗೆ ಬಂದಾಯಿತು. ಏಳು ತಿಂಗಳು ತುಂಬಿದೆ. ಅದಕ್ಕೆ ಇನ್ನೂ ಹಂಚುವ ಬುದ್ಧಿ ಬಂದಿಲ್ಲ, ಕೊಟ್ಟದ್ದನ್ನೆಲ್ಲ ತಾನೇ ನುಂಗುತ್ತದೆಂದು ನಾನು ಜವಾಬ್ದಾರಿ ಹೊರುತ್ತೇನೆ.

ಈ ಪತ್ರದಲ್ಲಿ ನಿಮ್ಮ ಹೆಸರನ್ನು ಎಲ್ಲಿಯೂ ಬರೆದಿಲ್ಲ, ಗಮನಿಸಿರುತ್ತೀರಿ. ಅದನ್ನು ಬೇರೆ ಕೆಲಸಕ್ಕೆ ಎತ್ತಿಟ್ಟಿದ್ದೇವೆ. ಮಗು ಗಂಡಾಗಲಿ ಹೆಣ್ಣಾಗಲಿ, ಅದಕ್ಕೆ ನಿಮ್ಮ ಹೆಸರನ್ನೇ ಇಡುವುದೆಂದು ಊರು ತೀರ್ಮಾನಿಸಿದೆ. ಔಷಧಿ ಬಂದರೆ, ಆ ಹೆಸರು ಹಿಡಿದು ಕರೆದಾಗಲೆಲ್ಲ ಮೊಯ್ಯೆಪಂಪದ ಬೀದಿಯಲ್ಲಿ ಒಂದು ಕೂಸು ಓಡಿಬರುತ್ತದೆ. ಬಾರದೆ ಹೋಗಿ ಮಗು ತೀರಿಕೊಂಡರೆ, ನವೆಂಬರಿನ ಸತ್ತವರ ಹಬ್ಬಕ್ಕೆ ನಾನೇ ಒಲೆ ಹೊತ್ತಿಸಿ ಮಗುವಿನ ಆಕಾರದ ರೊಟ್ಟಿ ಸುಡುತ್ತೇನೆ. ಕಣ್ಣು, ಮೂಗು, ಕಟ್ಟಿದ ಕೈ, ಎಲ್ಲ ಇರುತ್ತದೆ. ಸತ್ತವರ ಹೆಸರಲ್ಲಿ ಪ್ರಾರ್ಥಿಸಿದವರಿಗೆ ಆ ರೊಟ್ಟಿ ಕೊಡುವುದು ನಮ್ಮ ಪದ್ಧತಿ. ಊರ ಮಕ್ಕಳು ಬಾಗಿಲಿಗೆ ಬಂದು, "ಯಾರ ಹೆಸ್ರಲ್ಲಿ ಪ್ರಾರ್ಥನೆ ಮಾಡ್ಲಿ ಅಜ್ಜಿ?" ಎಂದು ಕೇಳುತ್ತವೆ. ನಿಮ್ಮ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿಕೊಡುತ್ತೇನೆ. ಮಕ್ಕಳು ಕೈಮುಗಿದು, ನಿಮ್ಮ ಆತ್ಮಕ್ಕೆ ಶಾಂತಿ ಸಿಗಲೆಂದು ಬೇಡಿ, ರೊಟ್ಟಿ ಇಸಿದುಕೊಂಡು ತಲೆಯ ಕಡೆಯಿಂದ ತಿನ್ನತೊಡಗುತ್ತವೆ.

ಇಂತಿ,
ನಿಮ್ಮೊಡನೆ ಇಂಥ ನೆಂಟಸ್ತನ ಬೆಳೆಸುವ ಆಸೆ ಎಳ್ಳಷ್ಟೂ ಇಲ್ಲದ,
ಅಸಹಕಾರಿ ಮೊಯ್ಯೆಪಂಪದ ಮುಖಂಡೆ,
ಪ್ರಿಮಿತಿವಾ ಓರೆಯಾನಾ